ಶೀತಲಗೃಹದ ಹುಸಿ ಯಂತ್ರ

ಬ್ಯಾಡಗಿಯ ಒಂದು ಶೀತಲಗೃಹದಲ್ಲಿ ಮೆಣಸಿನಕಾಯಿ ಚೀಲಗಳ ತಂಪನ್ನು ವೈಫೈ ಮೂಲಕ ನಿಯಂತ್ರಿಸುತ್ತಿದ್ದರು. ಯಾರೋ ಆ ಜಾಲದೊಳಗೆ ನುಸುಳಿ ಶಾಖ ಏರಿಸಿದ್ದರು. ಪಾಸ್‌ವರ್ಡ್ ಬಲ್ಲ ಆಪರೇಟರ್ ಹುಡುಗಿಯ ಮೇಲೆ ಮಾಲೀಕರಿಗೆ ಸಂಶಯ. ಕೆಲಸದಿಂದ ತೆಗೆಯುವುದೊಂದೇ ಬಾಕಿ. ಹಾವೇರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನನ್ನು ಸಾಕ್ಷಿ ಹುಡುಕಿಕೊಡಲು ಕರೆಸಿದರು. ಆರೋಪಿಸಿದವನೇ ರುಜುವಾತು ಒದಗಿಸಬೇಕೆಂದು ಚರ್ಚಾಸ್ಪರ್ಧೆಗಳಲ್ಲಿ ವಾದಿಸಿ ಬೆಳೆದವನು ನಾನು, ಒಪ್ಪಿಕೊಂಡೆ.

ಅಲ್ಲೊಂದು ಹುಸಿ ಯಂತ್ರ ಹೂಡಿದೆ. ಜಾಲದಲ್ಲಿ ಇಣುಕುವವರಿಗೆ ಅದು ತಂಪು ನಿಯಂತ್ರಿಸುವ ಯಂತ್ರದಂತೆಯೇ ಕಾಣುತ್ತದೆ. ಆದರೆ ಅದಕ್ಕೆ ಚೀಲಗಳಿರುವ ಯಾವ ತಂಪು ಖೋಲಿಯೂ ಜೋಡಿಸಿಲ್ಲ. ಟೊಮೆಟೊ ಹೊಲದ ಅಂಚಿಗೆ ಚೆಂಡುಹೂ ಹಾಕಿ ಹುಳುವನ್ನು ಅತ್ತ ಸೆಳೆಯುತ್ತೇವಲ್ಲ, ಹಾಗೆ. ಕೆಲಸದವರಿಗೆ ಅದನ್ನು ಮುಟ್ಟುವ ಕಾರಣವೇ ಇಲ್ಲ. ಯಾರಾದರೂ ಮುಟ್ಟಿದರೆ ನನ್ನ ಮೊಬೈಲಿಗೆ ಸೂಚನೆ.

"ಆಕಿಗೆ ಮಾತ್ರ ಹೇಳಬ್ಯಾಡ್ರಿ," ಎಂದರು ಮಾಲೀಕರು.

ಆಕೆಯಿಂದ ಮುಚ್ಚಿಟ್ಟದ್ದು ನನ್ನನ್ನು ಕೊರೆಯಿತು. ಪಾಠದ ನಡುವೆ, ರಾಣೆಬೆನ್ನೂರಿನ ಬಸ್ಸಿನಲ್ಲಿ, ಕೈ ಜೇಬಿನ ಮೊಬೈಲಿಗೇ ಹೋಗುತ್ತಿತ್ತು.

ಸೂಚನೆ ಬಂತು. ಮಾಲೀಕರಿಗೆ ಫೋನಿನಲ್ಲಿ ತಿಳಿಸಿ ಧಾವಿಸಿದರೆ, ಆಕೆ ಕೈಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಮಾಲೀಕರು ಆಗಲೇ ಹೋಗೆಂದಿದ್ದರು. ಹುಸಿ ಯಂತ್ರದ ದಾಖಲೆ ತೆರೆದೆ. ಮುಟ್ಟಿದ್ದು ಮಾಲೀಕರದೇ ಮೊಬೈಲು.

"ಸಾವ್ಕಾರ್ರ, ನೀವೇನರ ಒತ್ತಿದ್ರೇನು?" ಎಂದು ಕೇಳಿದೆ.

"ಗಿರಾಕಿ ಬಂದಿದ್ರಿ. ಕಳ್ಳನ್ನ ಹಿಡಿಯೂ ಬೋನು ಹೆಂಗೈತಿ ನೋಡ್ರಿ ಅಂತ ತೋರಿಸಿದ್ನಿ. ಚೀಲ ಬಿಚ್ಚಿ ಒಂದ್ ಮುಷ್ಟಿ ಕಾಯಿ ತೋರಿಸದ ಯಾರನ್ನರ ಕಳಿಸೇವೇನ್ರಿ ನಾವು?"

"ಬೋನು ಇಟ್ಟವ್ರ ಒಳಗ ಬಿದ್ರಲ್ರಿ!" ಎಂದು ನಕ್ಕ ಆಕೆ ತಟ್ಟನೆ ನನ್ನತ್ತ ತಿರುಗಿದಳು. "ಅದನ್ನ ನನಗ ಇಟ್ಟಿದ್ರೇನ್ರಿ ಸರ?"

"ಹೌದು," ಎಂದೆ.

ಆಕೆ ಕೈಚೀಲ ಇಳಿಸಿದಳು. ತನ್ನ ಮೊಬೈಲನ್ನು ಮಾಲೀಕರ ಮೇಜಿನ ಮೇಲಿಟ್ಟು ಎದುರಿಗೇ ಕುಳಿತಳು. "ಕಳ್ಳಿ ಅನಿಸ್ಕೊಂಡು ಹೋಗೂದಿಲ್ರಿ. ಕಳ್ಳ ಬರೂತನ ನಿಮ್ಮ ಕಣ್ಣಮುಂದನ ಇರ್ತೇನಿ."

ದಿನವೂ ಹಾಗೆಯೇ ಕುಳಿತಳು. ಕಾಲೇಜು ಬಿಟ್ಟೊಡನೆ ನಾನೂ ಬ್ಯಾಡಗಿಗೆ ಓಡುತ್ತಿದ್ದೆ. ಆ ಕಳ್ಳ ಬರದೇ ಹೋದರೆ? ಯಾರನ್ನು ತಡೆಯಲು ಹೊರಟಿದ್ದೆನೋ ಅವನ ದಾರಿಯನ್ನೇ ನೆಂಟರ ದಾರಿಯಂತೆ ಕಾಯತೊಡಗಿದ್ದೆ.

ಒಂದು ಸಂಜೆ ಮೂವರೂ ಚಹಾ ಕುಡಿಯುತ್ತಿರುವಾಗ ನನ್ನ ಮೊಬೈಲು ಕೂಗಿತು. ಯಾವುದೋ ಅಪರಿಚಿತ ಮೊಬೈಲಿನಿಂದ ಯಾರೋ ಹುಸಿ ಯಂತ್ರಕ್ಕೆ ಶಾಖ ಏರಿಸಲು ಆಜ್ಞೆ ಕೊಡುತ್ತಿದ್ದರು. ಆಕೆಯ ಮೊಬೈಲು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಮಾಲೀಕರು ಅದನ್ನು ಮೆಲ್ಲಗೆ ಅವಳತ್ತ ಸರಿಸಿದರು.

"ತಪ್ಪಾತವ್ವಾ."

"ತಪ್ಪಿನ ಮಾತು ಆಮ್ಯಾಲ ಆಡೂಣ್ರಿ. ಮೊದ್ಲ ಖರೇ ಮಷೀನ್ ನೋಡೂಣು, ಲಗೂ ಬರ್ರಿ," ಎನ್ನುತ್ತ ಆಕೆ ಬಾಗಿಲು ದಾಟಿಯಾಗಿತ್ತು.