ಮೆತ್ತಣ್ಣನ ಕುರ್ಚಿ

ಅಣ್ಣನ ಮೈಯಿಂದ ಚರ್ಮದ ಹೊಟ್ಟು ಉದುರುವುದನ್ನು ಕಂಡು ನಮ್ಮ ಅಂಗಡಿಯಿಂದ ಮೊದಲು ಎದ್ದು ಹೋದವರು ಮೀಸೆ ಮೇಷ್ಟ್ರು. ಅದನ್ನು ನೆನೆದರೆ ಈಗಲೂ ನನಗೆ ಬಾಯಿ ಕಹಿಯಾಗುತ್ತದೆ. ಇದೇ ಮೇಷ್ಟ್ರಿಗೆ ಒಂದು ಸಲ ಕಿವಿಯ ಹಿಂದೆ ಕುರುವೆದ್ದಿತ್ತು. ಕೀವು ಸೋರಿ, ಕಟ್ಟಿಕೊಂಡ ಹೆಂಡತಿಯೇ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಳಂತೆ. ಅಣ್ಣ ಹದಿನೈದು ದಿನ ಬಿಸಿನೀರಿನಲ್ಲಿ ಹತ್ತಿ ಅದ್ದಿ ಒರೆಸಿದ, ಸುತ್ತಲಿನ ಕೂದಲನ್ನು ನೋಯದ ಹಾಗೆ ಎಳೆ ಎಳೆಯಾಗಿ ತೆಗೆದ. ನಾನಾಗಿದ್ದರೆ ಬಾಗಿಲಲ್ಲೇ ಕೈಮುಗಿದು ವಾಪಸ್ಸು ಕಳಿಸುತ್ತಿದ್ದೆ.

ನಮ್ಮದು ಎರಡು ಕುರ್ಚಿಯ ಕಟಿಂಗ್ ಶಾಪು. ಕಿಟಕಿಯ ಪಕ್ಕದ್ದು ಅಣ್ಣನದು, ಒಳಗಿನದು ನನ್ನದು. ಅಪ್ಪ ಸತ್ತಾಗ ನಾನಿನ್ನೂ ಮೂಗು ಸೋರಿಸಿಕೊಂಡು ತಿರುಗುತ್ತಿದ್ದವನು. ಅಂಗಡಿ ಮುಚ್ಚದ ಹಾಗೆ ನೋಡಿಕೊಂಡವನೂ, ನನಗೆ ಕತ್ತರಿ ಹಿಡಿಯಲು ಕಲಿಸಿದವನೂ ಅವನೇ. ಅವನ ಕೈ ಎಷ್ಟು ಮೆತ್ತಗಿತ್ತೆಂದರೆ ಅರ್ಧ ಗಡ್ಡ ಆಗುವಷ್ಟರಲ್ಲಿ ಜನ ಗೊರಕೆ ಹೊಡೆಯುತ್ತಿದ್ದರು. ಅದಕ್ಕೇ ಎಲ್ಲರ ಬಾಯಲ್ಲಿ ಅವನು ಮೆತ್ತಣ್ಣ. ನನಗೂ ಒಂದು ಹೆಸರಿದೆ, ಸಿಡುಕ. ಅದೂ ಸುಳ್ಳಲ್ಲ.

ನನಗೆ ಈ ಕಸುಬೇ ಹೇಸಿಗೆ. ಜಿಡ್ಡುಗಟ್ಟಿದ ಕತ್ತು, ಹೇನು, ಬೆವರಿನ ವಾಸನೆ, ಬಾಯಿ ತೆರೆದು ಮಲಗಿದವರ ಉಸಿರು, ಯಾವುದೂ ಆಗುತ್ತಿರಲಿಲ್ಲ. ಮುಖ ಸಿಂಡರಿಸಿದರೆ ಅಣ್ಣ ಕನ್ನಡಿಯಲ್ಲೇ ಕಣ್ಣು ಬಿಡುತ್ತಿದ್ದ. ಗಿರಾಕಿ ಹೋದ ಮೇಲೆ ಹೇಳುತ್ತಿದ್ದ:

“ತಲೆ ಅಂದ್ಮೇಲೆ ಹೊಟ್ಟು ಇರತ್ತೆ ಕಣೋ. ನಮ್ಮ ಹತ್ರ ಬರೋರು ಮನುಷ್ಯರು, ಗೊಂಬೆಗಳಲ್ಲ.”

ಮದುವೆಯಾಗಿ ಆರು ವರ್ಷಕ್ಕೆ ಅವನ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಆಮೇಲೆ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದುಬಿಟ್ಟ. ಅವನಿಗೆ ಬೇರೆ ಚಟವಿರಲಿಲ್ಲ, ಬೇರೆ ಗೆಳೆಯರೂ ಇರಲಿಲ್ಲ. ಆ ಕುರ್ಚಿಯ ಹಿಂದೆ ನಿಂತಿದ್ದಷ್ಟು ಹೊತ್ತು ಮನುಷ್ಯ, ಭಾನುವಾರ ಸಂಜೆ ಅಂಗಡಿ ಮುಚ್ಚಿದರೆ ಏನು ಮಾಡಬೇಕೆಂದು ತೋಚದೆ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದ.

ಐವತ್ತೆರಡನೇ ವಯಸ್ಸಿಗೆ ಅವನ ಬೆನ್ನಿನ ಮೇಲೆ ಕೆಂಪು ಕಲೆಗಳೆದ್ದವು. ಒಬ್ಬ ಡಾಕ್ಟರು ಹುಳುಕಡ್ಡಿ ಎಂದರು, ಇನ್ನೊಬ್ಬರು ಅಲರ್ಜಿ ಎಂದರು. ಎರಡು ವರ್ಷ ಮುಲಾಮು ಮೆತ್ತಿದ್ದೇ ಬಂತು. ಅಷ್ಟರಲ್ಲಿ ಕಲೆ ಕಲೆ ಕೂಡಿಕೊಂಡು ಮೈಯೆಲ್ಲ ಬೆಂದ ಹಾಗೆ ಕೆಂಪಗಾಯಿತು. ತುರಿಕೆಯೋ, ದೇವರೇ ಗತಿ. ಕೂತೆದ್ದ ಜಾಗದಲ್ಲೆಲ್ಲ ಬಿಳಿ ಹೊಟ್ಟು. ಅಂಗೈ ದಪ್ಪಗಾಗಿ ಬಿರುಕು ಬಿಟ್ಟಿತು. ಮೆತ್ತಣ್ಣನ ಕೈ ಹೊಸ ಟವೆಲ್ಲಿಗೆ ಸಿಕ್ಕಿದರೆ ನೂಲು ಕಿತ್ತು ಬರುತ್ತಿತ್ತು.

ಮೀಸೆ ಮೇಷ್ಟ್ರು ಎದ್ದು ಹೋದದ್ದು ಆಗಲೇ. ಹೊದಿಕೆ ಕಟ್ಟಿಸಿಕೊಂಡು ಕೂತವರು ಅಣ್ಣನ ತೋಳನ್ನು ನೋಡಿ, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆಂದು ಹೇಳಿ ಹೊರಟರು. ಜನ್ಮದಲ್ಲಿ ಒಲೆ ಹಚ್ಚಿದವರಲ್ಲ! ಅವರ ಹಿಂದೆ ಮಿಕ್ಕವರೂ ಜಾರಿಕೊಂಡರು. “ಇದು ಅಂಟೋದಲ್ಲ” ಎಂದು ಅಣ್ಣ ಹೇಳಿದರೆ “ಛೆ ಛೆ, ಹಾಗಲ್ಲ ಮೆತ್ತಣ್ಣ” ಎಂದು ಹಲ್ಲು ಕಿರಿಯುತ್ತ ನನ್ನ ಕುರ್ಚಿಗೆ ಬಂದು ಕೂರುತ್ತಿದ್ದರು. ಆ ಹಲ್ಲುಗಳನ್ನು ಉದುರಿಸಬೇಕೆಂದು ನನ್ನ ಕೈ ತುರಿಸುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಅಣ್ಣನೇ ತನ್ನ ಕುರ್ಚಿಗೆ ಬಟ್ಟೆ ಹೊದಿಸಿ ಮನೆಯಲ್ಲಿ ಕೂತ.

ದೊಡ್ಡ ಆಸ್ಪತ್ರೆಯಲ್ಲಿ ಚರ್ಮದ ಚೂರು ತೆಗೆದು ನೋಡಿದ ಮೇಲೆ ನಿಜ ಗೊತ್ತಾಯಿತು. ಚರ್ಮದ ಲಿಂಫೋಮಾ. ರಕ್ತದ ಬಿಳಿಕಣಗಳೇ ಕೆಟ್ಟು ಚರ್ಮಕ್ಕೆ ಬಂದು ಮನೆ ಮಾಡುವ ಕ್ಯಾನ್ಸರು. ಅದಕ್ಕೆ ಬೆಳಕಿನ ಚಿಕಿತ್ಸೆ ಎಂದರು. ತಿಂಗಳಿಗೊಮ್ಮೆ, ಎರಡು ದಿನ ಸತತವಾಗಿ. ತೋಳಿನಿಂದ ರಕ್ತ ಎಳೆದು ಯಂತ್ರದಲ್ಲಿ ಗಿರಗಿರ ತಿರುಗಿಸಿ, ಬಿಳಿಕಣಗಳನ್ನು ಮಾತ್ರ ಬೇರೆ ಮಾಡಿ, ಬೆಳಕು ತಾಕಿದರೆ ಕೆಲಸ ಮಾಡುವಂಥ ಒಂದು ಔಷಧಿ ಬೆರೆಸುತ್ತಾರೆ. ಆಮೇಲೆ ಅದನ್ನು ತೆಳು ತಟ್ಟೆಯೊಂದರಲ್ಲಿ ಹರಿಸಿ, ನೇರಳಾತೀತ ದೀಪದ ಬೆಳಕು ಬಿಟ್ಟು, ಮತ್ತೆ ಮೈಗೇ ಸೇರಿಸುತ್ತಾರೆ. ಕೆಟ್ಟ ಕಣಗಳು ಸಾಯುತ್ತವೆ, ಸತ್ತವನ್ನು ನೋಡಿ ಮೈ ತನ್ನ ಶತ್ರುವನ್ನು ಗುರುತು ಹಿಡಿಯುತ್ತದೆ ಎಂದು ನರ್ಸಮ್ಮ ವಿವರಿಸಿದರು. ಬೇರೆಯವರ ಮೂಳೆಮಜ್ಜೆ ಹಾಕಿಸಿಕೊಂಡು ಆ ಮಜ್ಜೆಯೇ ತಿರುಗಿಬಿದ್ದವರಿಗೂ ಇದೇ ಯಂತ್ರವಂತೆ.

“ಆರು ತಿಂಗಳು ನೋಡೋಣ. ಗುಣ ಕಾಣ್ಲಿಲ್ಲ ಅಂದ್ರೆ ಇದನ್ನ ನಿಲ್ಲಿಸ್ಬೇಕಾಗತ್ತೆ” ಎಂದರು ಡಾಕ್ಟರು.

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. “ನಾನು ಮತ್ತೆ ಕುರ್ಚಿ ಹಿಂದೆ ನಿಂತ್ಕೋಬಹುದಾ ಸಾರ್?”

“ಚರ್ಮ ವಾಸಿಯಾದ್ರೆ ಧಾರಾಳವಾಗಿ.”

ಅಷ್ಟು ಸಾಕಾಯಿತು ಅವನಿಗೆ. ಚಿಕಿತ್ಸೆಯ ನಂತರ ಇಪ್ಪತ್ತನಾಲ್ಕು ಗಂಟೆ ಬಿಸಿಲು ಸೋಕಬಾರದು, ಕಪ್ಪು ಕನ್ನಡಕ ತೆಗೆಯಬಾರದು ಎಂದಿದ್ದರು. ಪರದೆ ಎಳೆದ ಕೋಣೆಯಲ್ಲಿ ಆ ಕನ್ನಡಕ ಹಾಕಿಕೊಂಡು, ಬಾಚಣಿಗೆ ಹಿಡಿದು ಬೆರಳು ಆಡಿಸುತ್ತ ಕೂತಿರುತ್ತಿದ್ದ. ಕೈ ಮರೆಯಬಾರದಲ್ಲ ಎನ್ನುತ್ತಿದ್ದ.

ಮೊದಲೆರಡು ತಿಂಗಳು ಅವನು ಒಬ್ಬನೇ ಹೋಗಿ ಬಂದ. ಅಂಗಡಿ ಬಿಡಲಾಗದು ಎಂದು ನಾನು ನೆಪ ಹೇಳಿದ್ದೆ. ನಿಜ ಹೇಳಬೇಕೆಂದರೆ ಆ ಬಸ್ಸಿನ ಸೀಟಿನಲ್ಲಿ ಅವನಿಗೆ ಅಂಟಿಕೊಂಡು ಕೂರುವುದು ನನಗೆ ಬೇಡವಾಗಿತ್ತು. ಎರಡನೇ ತಿಂಗಳು ಯಂತ್ರ ಮಧ್ಯದಲ್ಲೇ ನಿಂತುಹೋಯಿತಂತೆ. ಮೂರನೇ ತಿಂಗಳು ಮನೆಯವರೊಬ್ಬರು ಬರಲೇಬೇಕು ಎಂದು ನರ್ಸಮ್ಮ ಹೇಳಿ ಕಳಿಸಿದರು.

ನಾನು ಹೋಗಿ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತೆ. ಮಂಚದ ಪಕ್ಕ ಒಂದು ಕುರ್ಚಿ ಖಾಲಿಯಿತ್ತು. ಅಣ್ಣನ ಹೊಟ್ಟು ಹಾಸಿಗೆಯ ತುಂಬ ಬಿದ್ದಿತ್ತು. ನರ್ಸಮ್ಮ ಅದನ್ನು ಅಂಗೈಯಿಂದ ಒತ್ತಟ್ಟಿಗೆ ಸರಿಸಿ, ಮನೆಯ ಸುದ್ದಿ ಮಾತಾಡುತ್ತಲೇ ಸೂಜಿ ಚುಚ್ಚಿದರು. ಯಂತ್ರ ಸ್ವಲ್ಪ ಹೊತ್ತು ತಿರುಗಿ ಕೀಂ ಕೀಂ ಎಂದು ಅರಚತೊಡಗಿತು. ರಕ್ತದಿಂದ ಬೇರೆಯಾದ ತಿಳಿ ಹಳದಿ ನೀರು ಇರಬೇಕಾದ ಅದರ ಚೀಲ ಹಾಲಿನ ಪ್ಯಾಕೆಟ್ಟಿನ ಹಾಗೆ ಬೆಳ್ಳಗಿತ್ತು.

“ಬೆಳಿಗ್ಗೆ ಏನು ತಿಂದ್ರಿ?” ನರ್ಸಮ್ಮ ಕೇಳಿದರು.

“ಒಣ ಬ್ರೆಡ್ಡು” ಎಂದ ಅಣ್ಣ.

“ಹೋದ ಸಲಾನೂ ಅದೇ ಹೇಳಿದ್ರಿ. ಬ್ರೆಡ್ಡು ಹೀಗೆ ಮಾಡಲ್ಲ ಯಜಮಾನ್ರೇ. ಜಿಡ್ಡು ತಿಂದ್ರೆ ಅದು ರಕ್ತದಲ್ಲಿ ತೇಲತ್ತೆ. ಯಂತ್ರಕ್ಕೆ ಬಿಳಿಕಣ ಎಲ್ಲಿದೆ ಅಂತಾನೇ ತಿಳಿಯಲ್ಲ, ಬೆಳಕೂ ಒಳಗೆ ಇಳಿಯಲ್ಲ. ಎರಡು ತಿಂಗಳು ನೀರಲ್ಲಿ ಹೋಯ್ತು. ನಿಮಗೆ ಇರೋದೇ ಆರು.”

ಅಣ್ಣ ಗೋಡೆಯ ಕಡೆ ತಿರುಗಿಕೊಂಡ. ಅವನು ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸುಳ್ಳು ಹೇಳಲೂ ಬಾರದ ಮನುಷ್ಯ, ಕಿವಿ ಕೆಂಪಾಗಿತ್ತು.

ಮನೆಗೆ ಬಂದವನೇ ಹೆಂಡತಿಯ ಮೇಲೆ ಎಗರಿದೆ. “ಏನು ಹಾಕ್ತಿದ್ದೀಯ ಅಣ್ಣನಿಗೆ?”

ಎರಡನೇ ತಿಂಗಳಿಂದ ಆಸ್ಪತ್ರೆಗೆ ಹೋಗುವ ದಿನ ಬೆಣ್ಣೆಯಲ್ಲಿ ಕರಿದ ನಾಲ್ಕು ಮೊಟ್ಟೆ, ಕೆನೆ ಹಾಲು ಒಂದು ದೊಡ್ಡ ಲೋಟ. ರಕ್ತ ತೆಗೆಯುತ್ತಾರಲ್ಲ, ಶಕ್ತಿ ಬರಲಿ ಎಂದು. ಕೊಡಬಾರದು ಎಂದು ಅಣ್ಣ ಅವಳಿಗೆ ಹೇಳಿಯೇ ಇರಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಒಮ್ಮೆಲೇ ತಿರುಗಿಬಿದ್ದಳು.

“ಭಾವನ ಬಟ್ಟೆ ಮುಟ್ಟೋಕೆ ನನ್ ಕೈಲಾಗಲ್ಲ, ಗೊತ್ತಾ? ಕೋಲಲ್ಲಿ ಎತ್ತಿ ಬಕೆಟ್ಟಿಗೆ ಹಾಕ್ತೀನಿ. ಅದನ್ನ ಅವರು ನೋಡಿದ್ದಾರೆ. ಅಷ್ಟು ಮಾಡಿ ಊಟಾನಾದ್ರೂ ಚೆನ್ನಾಗಿ ಹಾಕ್ಬೇಡ್ವಾ ನಾನು? ನೀವೇನು ಕಮ್ಮಿನಾ? ಅವರು ಕುಡಿದ ಲೋಟ ಬೇರೆ ಇಟ್ಟಿದ್ದು ಯಾರು?”

ಲೋಟ ಬೇರೆ ಇಟ್ಟಿದ್ದು ನಾನು. ಅಂಟುವ ರೋಗವಲ್ಲ ಎಂದು ಡಾಕ್ಟರ ಬಾಯಿಂದಲೇ ಕೇಳಿದ ಮೇಲೂ ಇಟ್ಟಿದ್ದೆ.

ಮುಂದಿನ ಕೋಣೆಗೆ ಹೋಗಿ, ಗೊತ್ತಿದ್ದೂ ಯಾಕೆ ತಿಂದೆ ಎಂದು ಅಣ್ಣನನ್ನು ಕೇಳಿದೆ. ಕಪ್ಪು ಕನ್ನಡಕದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ.

“ಪಾಪ, ಅವಳು ಬಿಸಿಬಿಸಿ ಮಾಡಿ ತಂದು ಎದುರಿಗೆ ಕೂರ್ತಾಳೆ ಕಣೋ. ಬೇರೆ ದಿನ ಬಾಗಿಲಲ್ಲೇ ತಟ್ಟೆ ಇಟ್ಟು ಹೋಗ್ತಾಳೆ. ಬೇಡ ಅನ್ನೋಕೆ ಮನಸ್ಸಾಗ್ಲಿಲ್ಲ.”

ಒಂದು ಮನೆಯಲ್ಲಿ ಎದುರಿಗೆ ಯಾರಾದರೂ ಕೂರಲಿ ಎಂದು ಒಬ್ಬ ಮನುಷ್ಯ ತನ್ನ ಚಿಕಿತ್ಸೆಯನ್ನೇ ಹಾಳು ಮಾಡಿಕೊಂಡಿದ್ದ. ಥೂ, ಎಂಥ ಮನೆ ನಮ್ಮದು ಎನಿಸಿತು.

ನಾಲ್ಕನೇ ತಿಂಗಳಿಂದ ಆ ಎರಡು ದಿನದ ತಿಂಡಿ ನನ್ನ ಪಾಲಿಗೆ ಬಂತು. ಬ್ರೆಡ್ಡು, ಬಾಳೆಹಣ್ಣು, ಹಾಲಿಲ್ಲದ ಚಹಾ. ಎದುರಿಗೆ ಕೂತು ತಿನ್ನಿಸಿದೆ, ಬಸ್ಸಿನಲ್ಲಿ ಪಕ್ಕದಲ್ಲೇ ಕೂತೆ. ದೊಡ್ಡ ತ್ಯಾಗವೇನಲ್ಲ. ಮೊದಮೊದಲು ಉಸಿರು ಬಿಗಿಹಿಡಿದೇ ಕೂರುತ್ತಿದ್ದೆ. ಚೀಲದ ನೀರು ತಿಳಿಯಾಯಿತು, ಬೆಳಕು ಇಳಿಯಿತು. ಆರನೇ ತಿಂಗಳಿಗೆ ತುರಿಕೆ ಅರ್ಧವಾಯಿತು. ಡಾಕ್ಟರು ಅವನ ಬೆನ್ನು ನೋಡಿ, ಹಾಳಾದ ಎರಡು ತಿಂಗಳನ್ನು ಲೆಕ್ಕದಿಂದ ಬಿಟ್ಟು ಚಿಕಿತ್ಸೆ ಮುಂದುವರಿಸಿದರು. ಹತ್ತನೇ ತಿಂಗಳಿಗೆ ಹೊಟ್ಟು ನಿಂತು, ಕೆಂಪು ಇಳಿದು, ಅಂಗೈಯ ಬಿರುಕು ಕೂಡಿಕೊಂಡಿತು. ಬೆಳಕಿನ ಚಿಕಿತ್ಸೆಗೆ ಹೋಗುವುದು ನಿಲ್ಲುವುದಿಲ್ಲ, ಆದರೆ ಕೆಲಸಕ್ಕೆ ಹೋಗಬಹುದು ಎಂದರು. ಅಣ್ಣ ದಾರಿಯುದ್ದಕ್ಕೂ ಬಸ್ಸಿನಲ್ಲಿದ್ದವರ ತಲೆಗಳನ್ನೇ ನೋಡುತ್ತ ಬಂದ. “ಆ ಮುಂದಿನ ಸೀಟಿನವನ ಹಿಂಭಾಗ ಯಾರೋ ಕೆಡಿಸಿದ್ದಾರೆ ನೋಡು” ಎಂದು ನಕ್ಕ.

ಸೋಮವಾರ ಅಣ್ಣ ಅಂಗಡಿಗೆ ಬಂದ. ಕುರ್ಚಿಯ ಬಟ್ಟೆ ತೆಗೆದು, ಗಾಜು ಒರೆಸಿ, ಕತ್ತರಿಗೆ ಎಣ್ಣೆ ಬಿಟ್ಟು, ಹೊಸ ಹೊದಿಕೆ ಕೊಡವಿ ನಿಂತ. ಕೆಲಸಕ್ಕೆ ಸೇರಿದ ಮೊದಲ ದಿನದವನಂತೆ ಅವನ ಶರ್ಟಿಗೆ ಇಸ್ತ್ರಿಯಾಗಿತ್ತು.

ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ನನ್ನ ಕುರ್ಚಿಯಲ್ಲಿ ಒಬ್ಬನಿದ್ದ. ಅಣ್ಣನದು ಖಾಲಿ.

“ಬನ್ನಿ ಮೇಷ್ಟ್ರೇ” ಎಂದ ಅಣ್ಣ.

ಮೀಸೆ ಮೇಷ್ಟ್ರು ಪೇಪರಿನ ಹಿಂದಿನಿಂದಲೇ ಹೇಳಿದರು. “ಪರವಾಗಿಲ್ಲ ಮೆತ್ತಣ್ಣ, ನಂಗೇನೂ ಆತುರ ಇಲ್ಲ. ಇವರನ್ನ ಕರೀರಿ.”

ಪಕ್ಕದವರು ಇನ್ನೊಬ್ಬರ ಕಡೆ ಕೈ ತೋರಿಸಿದರು, ಅವರು ಫೋನು ತೆಗೆದರು. ಅಣ್ಣ ಹೊದಿಕೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಮುಕ್ಕಾಲು ಗಂಟೆ ಹೀಗೇ ಆಯಿತು. ನನ್ನ ಕೈಯಲ್ಲಿದ್ದವನನ್ನು ಮುಗಿಸಿ ಕಳಿಸಿದೆ. ಇಷ್ಟು ವರ್ಷ ಇವರ ಕೊಳೆಯನ್ನೆಲ್ಲ ತೊಳೆದ ಕೈ ಅದು, ಇವರಿಗೆ ಈಗ ಹೇಸಿಗೆಯಂತೆ. ತಡೆಯಲಾಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದೆ.

“ಅಣ್ಣ, ಇವರೆಲ್ಲ ಶುದ್ಧ ಜನ. ಮೊದಲು ನನ್ನ ಗಡ್ಡ ಮಾಡು. ನೋಡ್ಲಿ.”

ಅಂಗಿಯ ಗುಂಡಿ ಬಿಚ್ಚಿ ಅವನ ಕುರ್ಚಿಯಲ್ಲಿ ಕೂತೆ. ಪೇಪರು ಕೆಳಗಿಳಿಯಿತು. ಅಣ್ಣನ ಮುಖ ಅರಳಿತು. ನೊರೆ ಎಬ್ಬಿಸಿ ಹಚ್ಚಿದ, ಹೊಸ ಬ್ಲೇಡು ಹಾಕಿದ, ಎಡಗೈಯ ಎರಡು ಬೆರಳನ್ನು ನನ್ನ ದವಡೆಯ ಕೆಳಗಿಟ್ಟು ಚರ್ಮ ಎಳೆದ.

ನನ್ನ ಕತ್ತು ಹಿಂದೆ ಸರಿಯಿತು.

ನಾನು ಸರಿಸಿದ್ದಲ್ಲ, ಅದಾಗೇ ಸರಿಯಿತು. ಒಂದು ಕೂದಲೆಳೆಯಷ್ಟು. ಕನ್ನಡಿಯಲ್ಲಿ ಕಾಣುವಷ್ಟಲ್ಲ, ಬೆಂಚಿನವರು ಯಾರೂ ನೋಡಲಿಲ್ಲ. ಆದರೆ ನಮ್ಮ ಕಸುಬಿನವರಿಗೆ ಕಣ್ಣಿಗಿಂತ ಬೆರಳು ಮುಂದೆ. ಬ್ಲೇಡು ಇಡುವ ಮುಂಚೆ ಕೆಳಗಿನ ಚರ್ಮ ಹೆದರಿದೆಯೋ, ಒಪ್ಪಿದೆಯೋ ಎಂದು ಬೆರಳಿಗೆ ತಿಳಿಯದಿದ್ದರೆ ದಿನಕ್ಕೆ ಹತ್ತು ಜನಕ್ಕೆ ಗಾಯವಾಗುತ್ತದೆ. ಅಣ್ಣನ ಬೆರಳು ಒಂದು ಕ್ಷಣ ಅಲ್ಲೇ ನಿಂತಿತು. ನಾನು ಕತ್ತನ್ನು ಮುಂದೆ ಕೊಟ್ಟೆ, ಬೇಕೆಂದೇ ಒತ್ತಿ ಕೊಟ್ಟೆ. ಅದೂ ಅವನಿಗೆ ತಿಳಿಯಿತು.

ಎರಡು ಸುತ್ತು ನೀಟಾಗಿ ಗಡ್ಡ ಮಾಡಿದ. ಒಂದು ಗೀರಿಲ್ಲ, ಒಂದು ಉರಿಯಿಲ್ಲ. ಒದ್ದೆ ಟವೆಲ್ಲಿನಿಂದ ಒರೆಸಿ, ಹೊದಿಕೆ ಬಿಚ್ಚಿದ.

ಬೆಂಚಿನಲ್ಲಿ ಕೆಮ್ಮು ಕೇಳಿಸಿತು. ಮೀಸೆ ಮೇಷ್ಟ್ರು ಎದ್ದು ಬಂದು ಅಣ್ಣನ ಕುರ್ಚಿಯ ಹತ್ತಿರ ನಿಂತರು. “ಹೂಂ, ನಂದೂ ಆಗ್ಲಿ ಮೆತ್ತಣ್ಣ” ಎಂದು ನಗುತ್ತ ಕೂತರು. ನಾನು ಗೆದ್ದೆ ಅಂದುಕೊಂಡೆ.

ಅಣ್ಣ ಬ್ಲೇಡು ಬದಲಿಸಿ ರೇಜರನ್ನು ನನ್ನ ಕೈಗೆ ಕೊಟ್ಟ. ನನ್ನ ಕಿವಿಯ ಹತ್ತಿರ ಬಂದು, ನನಗೆ ಮಾತ್ರ ಕೇಳುವ ಹಾಗೆ ಹೇಳಿದ:

“ನೀನೇ ಮಾಡು. ನಿನ್ ಕತ್ತೇ ಹಾಗಂದ್ಮೇಲೆ ಅವರ ಕತ್ತು ಏನನ್ನತ್ತೋ, ನಂಗೆ ತಿಳ್ಕೊಳ್ಳೋದು ಬೇಡ.”

ಮೂಲೆಯಿಂದ ಪೊರಕೆ ತಂದು ಬಿದ್ದ ಕೂದಲು ಗುಡಿಸತೊಡಗಿದ. ನಾನು ಮೇಷ್ಟ್ರ ಮುಖಕ್ಕೆ ನೊರೆ ಹಚ್ಚಿದೆ. ಅವರ ಬಾಯಿಯ ವಾಸನೆ ಬಂತು, ಕತ್ತಿನ ಜಿಡ್ಡು ಬೆರಳಿಗೆ ತಾಕಿತು. ಜೀವಮಾನದಲ್ಲಿ ಮೊದಲ ಸಲ ನನಗೆ ಅದ್ಯಾವುದೂ ಹೇಸಿಗೆಯಾಗಲಿಲ್ಲ. ಇದ್ದಬದ್ದ ಹೇಸಿಗೆಯೆಲ್ಲ ನನ್ನ ಮೇಲೇ ಆಗಿಹೋಗಿತ್ತು.

“ಯಾಕೆ, ಮೆತ್ತಣ್ಣ ಮಾಡಲ್ವಾ?” ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಮೇಷ್ಟ್ರು ಕೇಳಿದರು. “ಪಾಪ, ಇನ್ನೂ ನಿತ್ರಾಣ ಇರ್ಬೇಕು.”

ನಾನು ಹೂಂ ಎಂದೆ.