ಹನ್ನೊಂದು ನಿಮಿಷದ ಊಟ

ಆಸ್ಟ್ರೇಲಿಯಾದ ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿ ಕೂತು ನಾನು ಸಮೀಕ್ಷೆಯೊಂದಕ್ಕಾಗಿ ಅಮೆರಿಕದ ಮತದಾರರಿಗೆ ಫೋನ್ ಮಾಡುತ್ತಿದ್ದೆ. ಅಧ್ಯಕ್ಷರ ಚುನಾವಣೆ ಹತ್ತಿರವಿತ್ತು. ನಮಗೆ ವಹಿಸಿದ್ದ ರಾಜ್ಯದಲ್ಲಿ ಯಾರು ಗೆಲ್ಲುತ್ತಾರೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ನಮ್ಮ ಬೆಳಗಿನ ಒಂಬತ್ತೆಂದರೆ ಅಲ್ಲಿ ರಾತ್ರಿ ಒಂಬತ್ತು. ಆಮೇಲೆ ಕರೆ ಮಾಡುವಂತಿಲ್ಲ. ಒಂದೊಂದು ವಯಸ್ಸಿನವರೂ ಇಂತಿಷ್ಟು ಜನ ಇರಲೇಬೇಕೆಂಬ ಲೆಕ್ಕವಿತ್ತು; ಕೊನೆಯ ದಿನ, ಎಪ್ಪತ್ತು ದಾಟಿದ ಯಾರಾದರೂ ಒಬ್ಬ ಗಂಡಸಿನ ಉತ್ತರ ಮಾತ್ರ ಬಾಕಿಯಿತ್ತು. ಅದು ಸಿಗದಿದ್ದರೆ ಸಮೀಕ್ಷೆ ಅಪೂರ್ಣ. ನಮ್ಮ ಮೇಲ್ವಿಚಾರಕಿ, ಮೈಸೂರಿನ ಶಿಲ್ಪಾಳ ಕೆಲಸ ಕಾಯಂ ಆಗುವುದೂ ಅನುಮಾನ.

ಎಂಟೂಕಾಲಿಗೆ ಒಬ್ಬ ಮುದುಕ ಫೋನ್ ಎತ್ತಿದ. "ಊಟ ಮಾಡ್ತಿದ್ದೀನಿ," ಎಂದು ಗದರಿದ.

ಊಟಕ್ಕೆ ಕೂತವರನ್ನು ಎಬ್ಬಿಸುವುದು ನಮ್ಮ ಮನೆಯಲ್ಲಿ ದೊಡ್ಡ ತಪ್ಪು. "ನಿಧಾನವಾಗಿ ಮುಗಿಸಿ, ಕಾಯ್ತೀನಿ," ಎಂದುಬಿಟ್ಟೆ.

ಆತ ಫೋನನ್ನು ಮೇಜಿನ ಮೇಲಿಟ್ಟ. ಚಮಚದ ಸದ್ದು ಕೇಳಿಸತೊಡಗಿತು.

"ಅಂಕಲ್, ಎರಡು ನಿಮಿಷಕ್ಕಿಂತ ಹೆಚ್ಚು ಕಾಯೋ ಹಾಗಿಲ್ಲ. ಕಟ್ ಮಾಡಿ, ಬೇರೆ ನಂಬರ್ ನೋಡಿ," ಎಂದಳು ಶಿಲ್ಪಾ.

"ಊಟ ಮಾಡ್ತಿದ್ದಾರಮ್ಮ."

"ನನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದೀರಲ್ಲ!"

ಹನ್ನೊಂದು ನಿಮಿಷವಾದ ಮೇಲೆ ಕುರ್ಚಿ ಸರಿದ ಸದ್ದಾಯಿತು.

"ಇನ್ನೂ ಇದ್ದೀಯಾ?" ಮುದುಕನ ದನಿಯೇ ಬದಲಾಗಿತ್ತು. "ಈ ತಿಂಗಳು ಎಷ್ಟೋ ಜನರನ್ನ ಬೈದು ಫೋನ್ ಇಟ್ಟಿದ್ದೀನಿ. ಕಾದವನು ನೀನೊಬ್ಬನೇ. ಅದೇನು ಕೇಳ್ತೀಯೋ ಕೇಳು."

ಎಲ್ಲ ಪ್ರಶ್ನೆಗಳೂ ಮುಗಿದಾಗ ಒಂಬತ್ತಕ್ಕೆ ಎರಡು ನಿಮಿಷವಿತ್ತು. ಶಿಲ್ಪಾ ಎದ್ದು ನಿಂತು ಚಪ್ಪಾಳೆ ಹೊಡೆದಳು, ಕೋಣೆಯವರೆಲ್ಲ ಸೇರಿಕೊಂಡರು. ಅಷ್ಟು ದೊಡ್ಡ ಚಪ್ಪಾಳೆ ನನಗೆ ಅದಕ್ಕೆ ಮೊದಲು ಬಿದ್ದಿರಲಿಲ್ಲ.

ಅಂದಹಾಗೆ, ಯಾರಿಗೆ ಮತ ಹಾಕುತ್ತೀರಿ ಎಂಬ ಪ್ರಶ್ನೆಗೆ ಆತ ಕೊಟ್ಟ ಉತ್ತರ, "ಇನ್ನೂ ಗೊತ್ತಿಲ್ಲ." ಪುಣ್ಯಕ್ಕೆ ನಮ್ಮ ಫಾರಂನಲ್ಲಿ ಅದಕ್ಕೂ ಒಂದು ಚೌಕವಿತ್ತು.