ರಕ್ತಕ್ಕೆ ಬಂದ ಬೆಸ್ನಾ

ನನ್ನ ವಾರಗಿತ್ತಿ ಬೆಸ್ನಾ ನಮ್ಮ ಬೆರ್ಕಾನ್ ಬುಡಕಟ್ಟಿಗೆ ಮದುವೆಯ ಡೋಲಿನೊಂದಿಗೆ ಬಂದವಳಲ್ಲ. ಅವಳ ತವರಿನ ಕೆವಿಯಾನರು ನಮ್ಮವನೊಬ್ಬನನ್ನು ಕೊಂದಿದ್ದರು. ಆ ರಕ್ತಕ್ಕೆ ಬದಲಾಗಿ ಹದಿನೈದರ ಹುಡುಗಿಯನ್ನು ಹೇಸರಗತ್ತೆಯ ಮೇಲೆ ಕೂರಿಸಿ ಕಳಿಸಿಕೊಟ್ಟರು. ಹೆಣ್ಣು ಕೊಟ್ಟರೆ ಹಗೆ ತೀರುತ್ತದಂತೆ. ಇಪ್ಪತ್ತೈದು ವರ್ಷದ ಮಟ್ಟಿಗೆ ತೀರಿತು ಅನ್ನಿ.

ಹಗೆ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ನಮ್ಮ ಗುಡಾರಗಳಲ್ಲಿ ಒಂದು ಚರಿತ್ರೆ, ಅವರ ಗುಡಾರಗಳಲ್ಲಿ ಇನ್ನೊಂದು. ನಮ್ಮ ಹಾಡುಗಾರ ಹಾಡುವ ಪ್ರಕಾರ ಕೆವಿಯಾನರು ನಮ್ಮ ಟಗರು ಕದ್ದರು. ಅವರ ಹಾಡುಗಾರನ ಬಾಯಲ್ಲಿ ಟಗರು ಅವರದೇ, ಕದ್ದವರು ನಾವು. ಏಳು ತಲೆಮಾರಿನ ಅಜ್ಜಂದಿರ ಹೆಸರು ಹೇಳಿ ಎರಡೂ ಕಡೆಯವರು ಆಣೆ ಹಾಕುತ್ತಾರೆ. ಎರಡನ್ನೂ ಬಾಯಿಪಾಠ ಬಲ್ಲವಳು ಬೆಸ್ನಾ ಒಬ್ಬಳೇ. ನಾವಿಬ್ಬರೂ ಕೂತು ಮೊಸರು ಕಡೆಯುವಾಗ ನಾನು ಕೆಣಕುತ್ತಿದ್ದೆ.

"ಅಕ್ಕಾ, ನಿಜ ಹೇಳು, ಟಗರು ಯಾರ್ದು?"

"ಎರಡು ಕಡೆಯವ್ರೂ ಸೇರಿ ತಿಂದು ಮುಗಿಸಿರ್ತಾರೆ ಕಣೇ. ಜಗಳ ಮಾತ್ರ ಉಳಿಸ್ಕೊಂಡಿದ್ದಾರೆ."

ನಮ್ಮಲ್ಲಿ ಗಂಡಸರು ಬಂದೂಕು ಎತ್ತಿ ಎದುರುಬದುರು ನಿಂತಾಗ, ಹೆಂಗಸೊಬ್ಬಳು ತನ್ನ ಬಿಳಿ ತಲೆವಸ್ತ್ರ ತೆಗೆದು ನಡುವೆ ಹಾಸಿದರೆ ಆ ಹಗೆ ಅಲ್ಲಿಗೇ ಮುಗಿಯಿತು. ಅದನ್ನು ದಾಟಿ ಗುಂಡು ಹಾರಿಸಿದವನಿಗೆ ಯಾವ ಗುಡಾರದಲ್ಲೂ ಅನ್ನವಿಲ್ಲ, ಹೆಣ್ಣಿಲ್ಲ. ಬೆಸ್ನಾ ಮೂರು ಸಲ ಹಾಗೆ ಹಾಸಿದವಳು. ನಾನು ಒಂದು ಸಲವೂ ಇಲ್ಲ. ನನ್ನದು ಬಾಯಿ ಜೋರು, ಅಷ್ಟೇ.

ಇಪ್ಪತ್ತಾರನೆಯ ವರ್ಷದ ಬೇಸಗೆಯಲ್ಲಿ ಮೇಲಿನ ಹುಲ್ಲುಗಾವಲಿನ ಒರತೆಯ ನೀರಿಗಾಗಿ ಮತ್ತೆ ಗುಂಡು ಹಾರಿತು. ಬಿದ್ದವನು ಬೆಸ್ನಾಳ ಗಂಡ ಮಿಸ್ತೊ, ನನ್ನ ಭಾವ. ಹೊಡೆದವನು ಅವಳ ಒಡಹುಟ್ಟಿದ ಅಣ್ಣ ಜಾಸಿಮ್. ಅಂದೇ ಅವಳು ಕಪ್ಪು ಹೊದ್ದಳು. ಕೊಲೆಯಾದವನ ಹೆಂಡತಿ ರಕ್ತ ತೀರುವವರೆಗೆ ಬಿಳಿ ಮುಟ್ಟುವಂತಿಲ್ಲ. ಯಾರಾದರೂ ಅವಳಿಗೆ ಬಿಳಿ ಕೊಟ್ಟರೆ, ಆ ಮನೆ ಸತ್ತವನನ್ನು ಬಿಟ್ಟುಕೊಟ್ಟಿತು ಎಂದೇ ಅರ್ಥ.

ರಕ್ತ ತೀರಿಸಬೇಕಾದವನು ಅವಳ ಒಬ್ಬನೇ ಮಗ ಚೆತೊ. ಹತ್ತೊಂಬತ್ತು ವರ್ಷ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಕೊಲ್ಲಬೇಕಾದದ್ದು ಸೋದರಮಾವನನ್ನು. ಜಾಸಿಮ್ ಗುರಿ ತಪ್ಪಿದ್ದನ್ನು ಕಂಡವರಿಲ್ಲ. ಎದುರಿಗೆ ಹೋದರೆ ಚೆತೊ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ನಮ್ಮ ಗಂಡಸರು ಅವನಿಗೆ ಚಹಾ ಕೊಡುವಾಗ ಲೋಟವನ್ನು ಮೊಣಕಾಲಿನ ಕೆಳಗಿಂದ ಚಾಚುತ್ತಿದ್ದರು. ಅಪ್ಪನ ರಕ್ತ ತೀರಿಸದವನಿಗೆ ಹಾಗೆಯೇ ಕೊಡುವುದು. ಮೊದಲು ಚಾಚಿದವನು ನನ್ನ ಗಂಡ ಸಾದೊ. ಹುಡುಗ ಆ ಚಹಾ ಕುಡಿಯದೆ ಎದ್ದು ಹೋಗುತ್ತಿದ್ದ.

ಬೆಸ್ನಾ ಮಗನ ಹಿಂದೆ ಹಿಂದೆ ಅಲೆದಳು.

"ಹೋಗ್ಬೇಡ ಮಗಾ."

"ನಿನ್ನ ಅಣ್ಣ ಅಂತ ಕರುಳು ಚುರ್ ಅಂತಾ ಅಮ್ಮಾ?"

"ಅವನು ಹಾಳಾಗಿ ಹೋಗ್ಲಿ. ನೀನು ಸಾಯ್ಬೇಡ. ನಂಗೆ ಬೇರೆ ಏನೂ ಬೇಡ."

ಒಂದು ವರ್ಷ ಹೇಗೋ ತಳ್ಳಿದಳು. ಮರುವರ್ಷ ಶರತ್ಕಾಲದಲ್ಲಿ ಮಂದೆ ಕೆಳಗಿಳಿಸುವ ದಿನ ಬಂತು. ಹೊಳೆ ದಾಟಲು ಎರಡೂ ಬುಡಕಟ್ಟಿಗೆ ಇರುವುದು ಒಂದೇ ಸೇತುವೆ. ನಾವು ಬೆಳಿಗ್ಗೆ ಅಲ್ಲಿಗೆ ಮುಟ್ಟುವಾಗ ಆಚೆ ತುದಿಯಲ್ಲಿ ಕೆವಿಯಾನರು ನಿಂತಿದ್ದರು, ಮುಂದೆ ಕುದುರೆಯ ಮೇಲೆ ಜಾಸಿಮ್. ಚೆತೊ ಹೇಸರಗತ್ತೆಯಿಂದ ಹಾರಿ ಬಂದೂಕು ತೆಗೆದ. ಆಚೆಯೂ ಬಂದೂಕು ಮೇಲೆದ್ದಿತು. ಕುರಿಗಳ ಗಂಟೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಬೆಸ್ನಾ ನನ್ನ ಕಡೆ ಓಡಿಬಂದಳು.

"ಸೋಸಿನ್, ನಿನ್ನ ತಲೆವಸ್ತ್ರ ಕೊಡೇ. ಬೇಗ!"

ಪಕ್ಕದಲ್ಲೇ ಇದ್ದ ಸಾದೊ ನನ್ನನ್ನು ದುರುಗುಟ್ಟಿ ನೋಡಿದ. "ಕೊಟ್ರೆ ನನ್ನ ಅಣ್ಣನ ರಕ್ತ ಮಾರಿದ ಹಾಗೆ. ಕೊಡು, ನೋಡ್ತೀನಿ."

ಬೆಸ್ನಾ ನನ್ನ ಕಾಲು ಹಿಡಿದಳು. "ನಿನ್ನ ಕೈಯಲ್ಲೇ ಆಡಿ ಬೆಳೆದವನು ಕಣೇ ಅವನು!"

ನಿಜ, ನಾನೇ ಆಡಿಸಿದ ಮಗು. ಆದರೂ ನನ್ನ ಎರಡೂ ಕೈ ತಲೆವಸ್ತ್ರವನ್ನು ಬಿಗಿಯಾಗಿ ಹಿಡಿದುಕೊಂಡವು. ಅವಳು ಉಳಿದ ಹೆಂಗಸರತ್ತ ತಿರುಗಿದಳು. ಎಲ್ಲರೂ ನನ್ನ ಹಾಗೆಯೇ ತಲೆವಸ್ತ್ರ ಹಿಡಿದುಕೊಂಡು ನಿಂತರು. ನಮ್ಮ ಜನ್ಮಕ್ಕಿಷ್ಟು ಬೆಂಕಿ ಹಾಕ.

ಅವಳು ಎದ್ದು ನೇರ ಸೇತುವೆಯ ನಡುವಿಗೆ ಹೋದಳು. ಕಪ್ಪು ಬಟ್ಟೆಯನ್ನು ಕಿತ್ತು ಬಿಸಾಡಿದಳು. ಒಂದು ವರ್ಷದಿಂದ ಅವಳ ತಲೆಯನ್ನು ನಾವು ಯಾರೂ ನೋಡಿರಲಿಲ್ಲ. ನಲವತ್ತೊಂದರ ಹೆಂಗಸಿನ ತಲೆಯಲ್ಲಿ ಒಂದು ಕರಿಕೂದಲು ಉಳಿದಿರಲಿಲ್ಲ. ಹೆರಳು ಬಿಚ್ಚಿ, ಹಲಗೆಗಳ ಮೇಲೆ ಮಲಗಿ, ಕೂದಲನ್ನು ಅಡ್ಡಡ್ಡ ಹರಡಿದಳು.

"ಬಿಳಿ ಬೇಕಲ್ವೇನ್ರೋ? ಇಗೋ ಬಿಳಿ! ಜಾಸಿಮ್, ನಿನ್ನ ತಂಗಿ ತಲೆ. ಚೆತೊ, ನಿನ್ನ ಅಮ್ಮನ ತಲೆ. ಯಾವನು ಮೊದ್ಲು ತುಳೀತಾನೋ ತುಳೀಲಿ!"

ಅಷ್ಟು ಗಂಡಸರೂ ಮುಖ ತಿರುಗಿಸಿದರು. ಬರಿದಲೆಯ ಹೆಂಗಸನ್ನು ನೋಡುವುದು ಯಾರಿಂದಲೂ ಆಗಲಿಲ್ಲ. ಜಾಸಿಮ್ ಬಂದೂಕು ಇಳಿಸಿ ಕುದುರೆ ತಿರುಗಿಸಿಕೊಂಡು ಹೋದ.

ಚೆತೊ ಸೇತುವೆಯ ಮೇಲೆ ನಡೆದು ಬಂದು, ಬಿದ್ದಿದ್ದ ಕಪ್ಪು ಬಟ್ಟೆಯನ್ನು ಎತ್ತಿ ಅವಳ ಮುಖದ ಮೇಲೆ ಎಸೆದ.

"ಅಪ್ಪನ್ನ ಮಾರ್ಬಿಟ್ಟೆ. ಇವತ್ತಿಂದ ನಂಗೆ ಅಮ್ಮ ಇಲ್ಲ."

"ಅನ್ನು ಮಗಾ," ಎಂದಳು, ಬಟ್ಟೆಯೊಳಗಿಂದಲೇ. "ಬದುಕಿರು, ದಿನಾ ಅನ್ನು."

ಅವನು ಹೇಳಿದ್ದನ್ನು ಮಾಡಿದ. ನಮ್ಮ ಗುಡಾರದಲ್ಲಿ ಉಂಡ, ನಮ್ಮಲ್ಲಿ ಮಲಗಿದ, ಮದುವೆಯಾದ, ಮಕ್ಕಳನ್ನೂ ಪಡೆದ. ಅವಳ ಗುಡಾರದ ಬಾಗಿಲಿಗೆ ಹೋಗಲಿಲ್ಲ. ಬೆಸ್ನಾ ಪ್ರತಿ ಸಂಜೆ ನಮ್ಮ ಗುಡಾರದ ಹಿಂಬದಿಗೆ ಬಂದು ಪಿಸುಗುಡುತ್ತಿದ್ದಳು: "ಉಂಡ್ನಾ?" ಉಂಡ ಅಕ್ಕಾ, ಎನ್ನುತ್ತಿದ್ದೆ. ಹೊರಟುಹೋಗುತ್ತಿದ್ದಳು. ಒಂಬತ್ತು ವರ್ಷ ಹೀಗೇ ನಡೆಯಿತು. ಅವಳು ನನ್ನನ್ನು ಒಂದು ಸಲವಾದರೂ ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಆಮೇಲೆ ಅವಳು ಹಾಸಿಗೆ ಹಿಡಿದಳು. ಕೊನೆಯ ದಿನ ನಾನು ಪಕ್ಕದಲ್ಲಿದ್ದೆ. ಮಧ್ಯಾಹ್ನ ಗುಡಾರದ ಬಟ್ಟೆಯ ಮೇಲೆ ಹೊರಗೆ ನಿಂತವನೊಬ್ಬನ ನೆರಳು ಬಿತ್ತು. ಯಾರೆಂದು ಅವಳು ಕೇಳಲಿಲ್ಲ. ಕರೆಯಲೆಂದು ನಾನು ಎದ್ದೆ. ಅವಳು ನನ್ನ ಸೆರಗು ಹಿಡಿದಳು.

"ಕರೀಬೇಡ ಕಣೇ. ಒಳಗೆ ಬಂದ್ರೆ ಸೋತೆ ಅನ್ಕೋತಾನೆ. ಅಲ್ಲೇ ನಿಂತಿರ್ಲಿ. ಇಲ್ಲಿಂದ ಚೆನ್ನಾಗಿ ಕಾಣ್ತಾನೆ."

ಅವಳ ಉಸಿರು ನಿಲ್ಲುವವರೆಗೂ ಅವನು ಅಲ್ಲೇ ನಿಂತಿದ್ದ.